ಅಡುಗೆಮನೆ ಪ್ರಶ್ನೋತ್ತರ: ಫಿಲಿಪ್ಪೀನ್ಸಿನ ಚಿಕನ್ ಅಡೋಬೊ

ಕಳೆದ ತಿಂಗಳ ಅಂಕಣದಲ್ಲಿ ಹುಳಿ ಹಾಕಿ ಬೇಯಿಸುವ ಮಾಂಸದ ಅಡುಗೆಗಳ ಬಗ್ಗೆ ಬರೆಯುತ್ತ ಫಿಲಿಪ್ಪೀನ್ಸಿನ ಚಿಕನ್ ಅಡೋಬೊವನ್ನು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇದ್ದುದರಿಂದ ಈ ತಿಂಗಳ ಪ್ರಶ್ನೋತ್ತರವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಈ ಅಡುಗೆಯನ್ನು ನಾನು ಕಲಿತದ್ದು ನಾವು ಮಸ್ಕತ್ತಿನಲ್ಲಿದ್ದ ವರ್ಷಗಳಲ್ಲಿ, ಎದುರು ಮನೆಯಲ್ಲಿದ್ದ ಬಟಾಂಗಾಸ್ ಪ್ರಾಂತ್ಯದ ನರ್ಸ್ ಒಬ್ಬರಿಂದ. ಅವರು ಹೇಳಿಕೊಟ್ಟದ್ದನ್ನೂ, ಊರಿಗೆ ಮರಳಿದ ಮೇಲೆ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಸಾಮಾನಿನಿಂದ ಅದನ್ನು ಮಾಡುತ್ತ ನಾನು ತಿಳಿದುಕೊಂಡದ್ದನ್ನೂ ಸೇರಿಸಿ ಉತ್ತರಿಸಿದ್ದೇನೆ.

ನನ್ನ ಮಗ ಫಿಲಿಪ್ಪೀನ್ಸಿನ ದಾವೋ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ರಜೆಯಲ್ಲಿ ಮನೆಗೆ ಬಂದಾಗ ಅಲ್ಲಿನ ಕೋಳಿ ಅಡೋಬೊ ಮಾಡಿಕೊಡು ಎಂದು ಕೇಳುತ್ತಾನೆ. ನನಗೆ ಅದರ ರುಚಿಯೇ ಗೊತ್ತಿಲ್ಲ. ಅಳತೆಯ ಸಮೇತ ತಿಳಿಸಿಕೊಡುವಿರಾ?
— ಓದುಗರೊಬ್ಬರು, ದಾವಣಗೆರೆ

ಮೊದಲು ರುಚಿಯನ್ನು ಹೇಳುತ್ತೇನೆ, ಏಕೆಂದರೆ ಏನನ್ನು ಮಾಡಲು ಹೊರಟಿದ್ದೇವೆ ಎಂಬುದು ನಾಲಿಗೆಗೆ ಗೊತ್ತಿಲ್ಲದಿದ್ದರೆ ಅಳತೆಯಿಂದ ಪ್ರಯೋಜನವಿಲ್ಲ. ಅಡೋಬೊದಲ್ಲಿ ಮುಂದೆ ನಿಲ್ಲುವುದು ಉಪ್ಪು ಮತ್ತು ಹುಳಿ. ಅವುಗಳ ಹಿಂದೆ ಬೆಳ್ಳುಳ್ಳಿಯ ಸಿಹಿಯಾದ ಪರಿಮಳವೂ ಇಡೀ ಕಾಳುಮೆಣಸಿನ ಮೆಲ್ಲನೆಯ ಖಾರವೂ ಇರುತ್ತವೆ. ಹಸಿಮೆಣಸಾಗಲಿ, ಅಚ್ಚಖಾರದ ಪುಡಿಯಾಗಲಿ, ಅರೆದ ಮಸಾಲೆಯಾಗಲಿ ಇದರಲ್ಲಿಲ್ಲ. ರಸವು ನಮ್ಮ ಕೋಳಿಸಾರಿನಷ್ಟು ತೆಳ್ಳಗೂ ಇರುವುದಿಲ್ಲ, ಗೊಜ್ಜಿನಷ್ಟು ಗಟ್ಟಿಯೂ ಆಗಿರುವುದಿಲ್ಲ. ತುಂಡುಗಳ ಮೈಗೆ ಹೊಳಪಾಗಿ ಅಂಟಿಕೊಂಡು, ಅನ್ನಕ್ಕೆ ಕಲಸಿಕೊಳ್ಳಲು ಎರಡು ಮೂರು ಚಮಚ ಉಳಿಯುವಷ್ಟಿದ್ದರೆ ಸರಿ.

ಒಂದು ಕೆ.ಜಿ. ಕೋಳಿಗೆ ಅರ್ಧ ಕಪ್ಪು, ಅಂದರೆ ಸುಮಾರು 120 ಮಿ.ಲೀ. ವಿನೆಗರ್, ಮೂರನೇ ಒಂದು ಕಪ್ಪು, ಅಂದರೆ ಸುಮಾರು 80 ಮಿ.ಲೀ. ತೆಳುವಾದ ಸೋಯಾ ಸಾಸ್, ಹತ್ತು ಹನ್ನೆರಡು ಎಸಳುಗಳಿರುವ ಒಂದು ಇಡೀ ಗಡ್ಡೆ ಬೆಳ್ಳುಳ್ಳಿ, ಮೂರು ಎಲೆ, ಒಂದು ಟೀ ಚಮಚ ಕಾಳುಮೆಣಸು, ಒಂದು ಕಪ್ಪು ನೀರು ಮತ್ತು ಎರಡು ದೊಡ್ಡ ಚಮಚ ಎಣ್ಣೆ ಬೇಕು. ಎಲೆ ಯಾವುದೆಂಬುದನ್ನು ಮುಂದೆ ಇನ್ನೊಬ್ಬರು ಕೇಳಿದ್ದಾರೆ. ಕೋಳಿಯಲ್ಲಿ ಕಾಲು ಮತ್ತು ತೊಡೆಯ ಭಾಗವೇ ಈ ಅಡುಗೆಗೆ ಹೇಳಿಸಿದ್ದು. ಎದೆಯ ಮಾಂಸ ಇಷ್ಟು ಹೊತ್ತು ಬೆಂದರೆ ನಾರಾಗುತ್ತದೆ. ಮೂಳೆ ಇರಲಿ, ಸಾಧ್ಯವಾದರೆ ಚರ್ಮವೂ ಇರಲಿ. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಚರ್ಮ ಸುಲಿದುಬಿಡುತ್ತಾರಾದ್ದರಿಂದ ಕೊಯ್ಯುವ ಮೊದಲೇ ಹೇಳಬೇಕು. ಚರ್ಮದ ಕೊಬ್ಬು ಕರಗಿ ರಸಕ್ಕಿಳಿದಾಗಲೇ ಹುಳಿಯ ಮೊನಚು ತಗ್ಗುತ್ತದೆ. ಚರ್ಮವಿಲ್ಲದ ಕೋಳಿಯಾದರೆ ಎಣ್ಣೆಯನ್ನು ಒಂದು ಚಮಚ ಹೆಚ್ಚಿಸಿ. ಉಪ್ಪನ್ನು ಮಾತ್ರ ಈಗ ಮುಟ್ಟಬೇಡಿ.

ಬೆಳ್ಳುಳ್ಳಿಯನ್ನು ಜಜ್ಜಿ ಸೋಯಾ ಸಾಸಿನೊಂದಿಗೆ ತುಂಡುಗಳಿಗೆ ಸವರಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಯಲು ಬಿಡಿ. ಆಮೇಲೆ ದಪ್ಪ ತಳದ ಸ್ಟೀಲ್ ಪಾತ್ರೆಗೋ ಮಣ್ಣಿನ ಮಡಕೆಗೋ ಅದನ್ನೆಲ್ಲ ಸುರಿದು, ನೀರು, ಎಲೆ, ಕಾಳುಮೆಣಸು ಹಾಕಿ, ಕೊನೆಗೆ ವಿನೆಗರ್ ಹೊಯ್ದು, ಮುಚ್ಚಳವಿಲ್ಲದೆ ದೊಡ್ಡ ಉರಿಯಲ್ಲಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ. ಆಮ್ಲವು ಆ ಲೋಹದೊಂದಿಗೆ ವರ್ತಿಸುವುದರಿಂದ ರಸಕ್ಕೆ ಲೋಹದ ರುಚಿ ಬರುತ್ತದೆ. ಕುದಿ ಬಂದ ಮೇಲೂ ಐದಾರು ನಿಮಿಷ ಸೌಟು ಹಾಕದೆ ಹಾಗೆಯೇ ಬಿಡಿ. ಪಾತ್ರೆಯ ಮೇಲೆ ಬಗ್ಗಿದಾಗ ಮೂಗಿಗೆ ಚುಚ್ಚುತ್ತಿದ್ದ ವಾಸನೆ ತಣ್ಣಗಾಗಿ ಬೆಳ್ಳುಳ್ಳಿಯ ವಾಸನೆ ಮೇಲೇಳತೊಡಗಿದಾಗ ಉರಿ ತಗ್ಗಿಸಿ, ಅರ್ಧ ಮುಚ್ಚಳ ಮುಚ್ಚಿ, ಇಪ್ಪತ್ತೈದರಿಂದ ಮೂವತ್ತು ನಿಮಿಷ ಸಣ್ಣಗೆ ಕುದಿಸಿ, ನಡುವೆ ಒಮ್ಮೆ ತುಂಡುಗಳನ್ನು ತಿರುವಿ ಹಾಕಿ.

ಬಹಳ ಮನೆಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನನಗೆ ಕಲಿಸಿದವರು ಇನ್ನೊಂದು ಹೆಜ್ಜೆಯನ್ನು ಎಂದೂ ಬಿಡುತ್ತಿರಲಿಲ್ಲ, ಮತ್ತು ಅವರ ಅಡೋಬೊ ಅಷ್ಟು ಚೆನ್ನಾಗಿರುತ್ತಿದ್ದುದಕ್ಕೆ ಅದೇ ಕಾರಣವೆಂದು ನನಗನ್ನಿಸುತ್ತದೆ. ಬೆಂದ ತುಂಡುಗಳನ್ನು ತೆಗೆದು ರಸ ಬಸಿದು, ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಹೆಚ್ಚಿ ಹೊಂಬಣ್ಣಕ್ಕೆ ಕರಿದು ಪಕ್ಕಕ್ಕಿಡಬೇಕು. ಅದೇ ಎಣ್ಣೆಯಲ್ಲಿ ತುಂಡುಗಳನ್ನು ಚರ್ಮದ ಮಗ್ಗುಲು ಕೆಳಗಾಗಿಟ್ಟು ಕೆಂಪಗಾಗುವವರೆಗೆ ಹುರಿಯಬೇಕು. ಅಷ್ಟು ಹೊತ್ತಿಗೆ ಇನ್ನೊಂದು ಒಲೆಯಲ್ಲಿ ರಸವು ಕುದಿದು ಅರ್ಧಕ್ಕಿಳಿದಿರುತ್ತದೆ. ತುಂಡುಗಳನ್ನು ಮತ್ತೆ ಅದರೊಳಗೆ ಹಾಕಿ, ಎರಡು ನಿಮಿಷ ಹೊರಳಾಡಿಸಿ, ಆಗ ರುಚಿ ನೋಡಿ ಉಪ್ಪು ಬೇಕೇ ಬೇಡವೇ ಎಂದು ತೀರ್ಮಾನಿಸಿ; ಹೆಚ್ಚಿನ ಸಲ ಬೇಕಾಗುವುದಿಲ್ಲ. ರಸದ ಅಂಚಿನಲ್ಲಿ ಎಣ್ಣೆ ಬೇರ್ಪಟ್ಟು ತೇಲುವುದೇ ಅಡುಗೆ ಆಯಿತೆಂಬುದರ ಗುರುತು. ಅದಕ್ಕೆ ತಗಲೋಗ್ ಭಾಷೆಯಲ್ಲಿ ‘ನಗ್ಮಮಂತಿಕಾ’ ಎನ್ನುತ್ತಾರೆ. ನಮ್ಮ ಅಮ್ಮಂದಿರು ‘ಎಣ್ಣೆ ಬಿಡುವವರೆಗೆ’ ಎನ್ನುವುದೂ ಅದನ್ನೇ. ಕರಿದ ಬೆಳ್ಳುಳ್ಳಿಯನ್ನು ಮೇಲೆ ಉದುರಿಸಿ ಬಿಸಿ ಅನ್ನದ ಜೊತೆ ಬಡಿಸಿ.

ಅಂತರ್ಜಾಲದಲ್ಲಿ ನೋಡಿ ಮಾಡಿದೆ. ಬಣ್ಣ ಕಾಡಿಗೆಯಂತಾಯಿತು, ಹಿಂದಿನಿಂದ ಕಹಿ, ಜೊತೆಗೆ ಮೂಗಿಗೆ ಹೊಡೆಯುವ ಹುಳಿ. ಫ್ರೈಡ್ ರೈಸಿಗೆಂದು ತಂದ ಸೋಯಾ ಸಾಸ್ ಮತ್ತು ಗೋಬಿ ಮಂಚೂರಿಗೆ ಹಾಕುವ ಬಿಳಿ ವಿನೆಗರ್ ಬಳಸಿದ್ದೆ. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಹುಬ್ಬಳ್ಳಿ

ನಿಮ್ಮ ಕೈಯಲ್ಲಿ ತಪ್ಪಿದ್ದು ಸ್ವಲ್ಪ, ಬಾಟಲಿಗಳಲ್ಲಿ ತಪ್ಪಿದ್ದು ಹೆಚ್ಚು. ಮಸ್ಕತ್ತಿನಿಂದ ಬಂದ ಹೊಸತರಲ್ಲಿ ನಾನೂ ಇದೇ ಎರಡು ಬಾಟಲಿಗಳಿಂದ ಮಾಡಿ, ಮನೆಗೆ ಬಂದಿದ್ದ ನೆಂಟರೆದುರು ಒಂದೂವರೆ ಕೆ.ಜಿ. ಕೋಳಿಯನ್ನು ಹಾಳುಮಾಡಿದ್ದೇನೆ, ಆದ್ದರಿಂದ ಈ ಕಹಿಯ ಪರಿಚಯ ನನಗೆ ಚೆನ್ನಾಗಿದೆ.

ನಮ್ಮಲ್ಲಿ ಫ್ರೈಡ್ ರೈಸಿಗೆ ಬಳಸುವುದು ಸಾಮಾನ್ಯವಾಗಿ ‘ಡಾರ್ಕ್’ ಎಂದು ಬರೆದಿರುವ ಸೋಯಾ ಸಾಸ್. ಅದಕ್ಕೆ ಬಣ್ಣಕ್ಕಾಗಿ ಕ್ಯಾರಮೆಲ್ ಸೇರಿಸಿರುತ್ತಾರೆ, ಒಂದೆರಡು ಚಮಚ ಹಾಕಿದರೆ ಸಾಕು ಎಂಬ ಲೆಕ್ಕದಲ್ಲಿ ಅದನ್ನು ತಯಾರಿಸಿರುತ್ತಾರೆ. ಅದನ್ನು ಮೂರನೇ ಒಂದು ಕಪ್ಪು ಹಾಕಿ ಅರ್ಧಕ್ಕಿಳಿಯುವಂತೆ ಕುದಿಸಿದರೆ ಕಹಿಯಾಗದೆ ಇನ್ನೇನಾದೀತು? ಫಿಲಿಪ್ಪೀನ್ಸಿನಲ್ಲಿ ‘ತೋಯೊ’ ಎಂದು ಕರೆಯುವ ಸೋಯಾ ಸಾಸ್ ತೆಳ್ಳಗೆ, ಚೆನ್ನಾಗಿ ಉಪ್ಪಾಗಿ ಇರುತ್ತದೆ. ಇಲ್ಲಿ ‘ಲೈಟ್’ ಎಂದು ಬರೆದಿರುವುದನ್ನು, ಅಥವಾ ಸೋಯಾ, ಗೋಧಿ, ಉಪ್ಪು, ನೀರು ಇಷ್ಟನ್ನೇ ಹುದುಗಿಸಿ ಮಾಡಿದ್ದನ್ನು ಆರಿಸಿಕೊಳ್ಳಿ. ಬಾಟಲಿಯ ಹಿಂಭಾಗದಲ್ಲಿ ಪದಾರ್ಥಗಳ ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ವಿನೆಗರಿನ ವಿಷಯವೂ ಹಾಗೆಯೇ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಬಿಳಿ ವಿನೆಗರ್ ಬಹುಪಾಲು ‘ಸಿಂಥೆಟಿಕ್’, ಅಂದರೆ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ಮಾಡಿದ್ದು. ಲೇಬಲ್ ಮೇಲೆ ಹಾಗೆಂದು ಬರೆದೇ ಇರುತ್ತದೆ. ಅದರಲ್ಲಿ ಹುಳಿ ಮಾತ್ರ ಇರುತ್ತದೆ, ಹಣ್ಣಿನದೋ ಕಬ್ಬಿನದೋ ತೆಂಗಿನದೋ ಪರಿಮಳ ಇರುವುದಿಲ್ಲ. ಹುದುಗಿಸಿ ಮಾಡಿದ ಕಬ್ಬಿನ ಅಥವಾ ತೆಂಗಿನ ವಿನೆಗರ್ ಸಿಕ್ಕಿದರೆ ಅದೇ ಶ್ರೇಷ್ಠ, ಸಿಗದಿದ್ದರೆ ಅಕ್ಕಿಯ ವಿನೆಗರೂ ಆದೀತು. ಸೇಬಿನ ವಿನೆಗರ್ ಹಾಕಬಹುದಾದರೂ ಅದರ ಹಣ್ಣಿನ ವಾಸನೆ ಕೊನೆಯವರೆಗೂ ಉಳಿಯುತ್ತದೆ.

ಉಳಿದದ್ದು ನಿಮ್ಮ ಕೈಯದು. ವಿನೆಗರ್ ಹಾಕಿದ ಮೇಲೆ ಕುದಿ ಬರುವ ತನಕ ಕದಡಬಾರದು, ಕದಡಿದರೆ ಅದು ‘ಹಿಲಾವ್’, ಅಂದರೆ ಹಸಿಯಾಗಿಯೇ ಉಳಿಯುತ್ತದೆ ಎಂಬುದು ಅಲ್ಲಿನ ಹಿರಿಯರೆಲ್ಲರೂ ಹೇಳುವ ಮಾತು. ಕದಡುವುದರಿಂದಲೇ ಹುಳಿ ಕೆಡುತ್ತದೆಂದು ನಾನು ಹೇಳಲಾರೆ. ಆದರೆ ಈ ನಿಯಮವನ್ನು ಪಾಲಿಸಿದವರು ತಮಗರಿವಿಲ್ಲದೆಯೇ ಮಾಡುವ ಕೆಲಸವೊಂದಿದೆ: ಮುಚ್ಚಳ ತೆರೆದು, ಜೋರು ಕುದಿಯಲ್ಲಿ, ಹಬೆಯ ಜೊತೆ ವಿನೆಗರಿನ ಚುಚ್ಚುವ ವಾಸನೆ ಹೊರಹೋಗಲು ಸಮಯ ಕೊಡುವುದು. ಅಸಿಟಿಕ್ ಆಮ್ಲದ ಕುದಿಬಿಂದು 118 ಡಿಗ್ರಿ ಸೆಲ್ಸಿಯಸ್, ನೀರಿನದಕ್ಕಿಂತ ಹೆಚ್ಚು. ಹಾಗಾಗಿ ಎಷ್ಟು ಕುದಿಸಿದರೂ ಹುಳಿಯೆಲ್ಲ ಆರಿಹೋಗುವುದಿಲ್ಲ, ಬೇಕಾದದ್ದು ಉಳಿಯುತ್ತದೆ, ಮೂಗಿಗೆ ಹೊಡೆಯುವುದಷ್ಟೇ ಹೋಗುತ್ತದೆ. ನೀವು ಮೊದಲಿಂದಲೇ ಮುಚ್ಚಳ ಮುಚ್ಚಿ ಬೇಯಿಸಿರಬೇಕು ಎಂದು ನನ್ನ ಊಹೆ.

ನಮ್ಮ ಮನೆಯಲ್ಲಿ ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರನ್ನು ಹಂದಿಮಾಂಸದ ಇಂದಾದಿಗೆ ಬಳಸುತ್ತೇವೆ. ಅಡೋಬೊಗೆ ಅದು ಆಗುತ್ತದೆಯೇ? ಈ ಎರಡು ಅಡುಗೆಗಳಿಗೆ ಏನಾದರೂ ನೆಂಟಸ್ತಿಕೆ ಇದೆಯೇ?
— ಓದುಗರೊಬ್ಬರು, ಮಂಗಳೂರು

ಆಗುತ್ತದೆ ಎಂದಷ್ಟೇ ಹೇಳಿದರೆ ಕಡಿಮೆಯಾದೀತು. ಕರ್ನಾಟಕದಲ್ಲಿ ಅಡೋಬೊ ಮಾಡಲು ನಿಮ್ಮಷ್ಟು ಅನುಕೂಲ ಬೇರೆ ಯಾರಿಗೂ ಇಲ್ಲ. ಫಿಲಿಪ್ಪೀನ್ಸಿನಲ್ಲಿ ವಿನೆಗರನ್ನು ‘ಸುಕಾ’ ಎನ್ನುತ್ತಾರೆ, ಮತ್ತು ಒಂದೊಂದು ಸೀಮೆಗೆ ಒಂದೊಂದು ಸುಕಾ ಇದೆ. ಉತ್ತರದ ಇಲೊಕೋಸ್ ಕಡೆ ಕಬ್ಬಿನದು, ಬುಲಕಾನ್ ಪ್ರಾಂತ್ಯದ ಪಾವೊಂಬೊಂಗ್ ಊರಿನಲ್ಲಿ ಕೆಸರುನೀರಿನಲ್ಲಿ ಬೆಳೆಯುವ ನಿಪಾ ತಾಳೆಯದು, ವಿಸಾಯಾಸ್ ದ್ವೀಪಗಳಲ್ಲಿಯೂ ದಕ್ಷಿಣದಲ್ಲಿಯೂ ‘ತುಬಾ’ ಎಂದು ಕರೆಯುವ ತೆಂಗಿನ ಕಳ್ಳಿನದು. ನಿಮ್ಮ ಮನೆಯ ವಿನೆಗರ್ ಈ ಕೊನೆಯದರ ಒಡಹುಟ್ಟು. ಮನೆಯಲ್ಲಿ ಮಾಡಿದ್ದರ ಹುಳಿ ಹಳತಾದಂತೆ ಬದಲಾಗುವುದರಿಂದ ಅರ್ಧ ಕಪ್ಪು ಎಂಬ ನನ್ನ ಅಳತೆಯನ್ನು ಕಣ್ಣುಮುಚ್ಚಿ ನಂಬದೆ, ಒಂದು ಚಮಚವನ್ನು ನಾಲ್ಕು ಚಮಚ ನೀರಿಗೆ ಬೆರೆಸಿ ರುಚಿ ನೋಡಿ, ಮೆದುವಾಗಿದ್ದರೆ ವಿನೆಗರನ್ನು ಹೆಚ್ಚಿಸಿ ನೀರನ್ನು ಅಷ್ಟೇ ಕಡಿಮೆ ಮಾಡಿ.

ನೆಂಟಸ್ತಿಕೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು. ನಿಮ್ಮ ಇಂದಾದಿನಂತೆಯೇ ವಿನೆಗರ್ ಹಾಕಿ ಮಾಡುವ ಗೋವೆಯ ವಿಂದಾಲುವಿನ ಹೆಸರು ಪೋರ್ಚುಗೀಸರ ‘ವಿನ್ಯಾ ದಲ್ಯೋಸ್’ ಎಂಬ, ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸವನ್ನು ನೆನೆಸಿಡುವ ಅಡುಗೆಯಿಂದ ಬಂದದ್ದು. ಇಲ್ಲಿ ದ್ರಾಕ್ಷಾರಸದ ಜಾಗಕ್ಕೆ ಕಳ್ಳಿನ ವಿನೆಗರ್ ಬಂತು. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳ ಮಂಗಳೂರಿನ ಅಡುಗೆಯಲ್ಲಿ ವಿನೆಗರಿಗೆ ಇಂದಿಗೂ ಇರುವ ಸ್ಥಾನ ನಿಮಗೇ ಗೊತ್ತಿದೆ. ಫಿಲಿಪ್ಪೀನ್ಸಿಗೆ ಬಂದವರು ಪಕ್ಕದ ಸ್ಪೇನಿನವರು. 1565ರಲ್ಲಿ ಅವರು ಅಲ್ಲಿ ನೆಲೆಯೂರಿದರು. ‘ಅಡೋಬೊ’ ಎಂಬ ಪದ ಅವರದ್ದೇ. ನೆನೆಸಿಡು ಎಂಬ ಅರ್ಥದ ‘ಅದೊಬಾರ್’ ಅದರ ಮೂಲ.

ಹೀಗೆ ಹೆಸರಿನ ಮಟ್ಟಿಗೆ ವಿಂದಾಲು, ಅಡೋಬೊ ಎರಡೂ ಐಬೀರಿಯದಿಂದ, ಅಂದರೆ ಪೋರ್ಚುಗಲ್ ಮತ್ತು ಸ್ಪೇನಿನ ಕಡೆಯಿಂದ ಬಂದವು. ಆದರೆ ಅಡುಗೆಯ ಮಟ್ಟಿಗೆ ಅಡೋಬೊ ಹೊರಗಿನಿಂದ ಬಂದದ್ದಲ್ಲ. ಬಿಸಿಲಿನ ನಾಡಿನಲ್ಲಿ ಮಾಂಸ ಮೀನುಗಳು ಕೆಡದಂತೆ ಅವುಗಳನ್ನು ವಿನೆಗರ್ ಮತ್ತು ಉಪ್ಪಿನಲ್ಲಿ ಬೇಯಿಸುವುದು ಸ್ಪೇನಿನವರು ಬರುವುದಕ್ಕೆ ಮೊದಲೇ ಆ ದ್ವೀಪಗಳಲ್ಲಿ ರೂಢಿಯಲ್ಲಿತ್ತು. 1613ರಲ್ಲಿ ಲಗುನಾ ಪ್ರಾಂತ್ಯದ ಪಿಲಾ ಎಂಬಲ್ಲಿ ಅಚ್ಚಾದ ತಗಲೋಗ್ ಶಬ್ದಕೋಶದಲ್ಲಿ ಪೆದ್ರೊ ದೆ ಸಾನ್ ಬ್ವೆನಾವೆಂತುರಾ ಎಂಬ ಪಾದ್ರಿ ಈ ಅಡುಗೆಯನ್ನು ‘ಇಲ್ಲಿನ ಜನರ ಅಡೋಬೊ’ ಎಂಬ ಅರ್ಥ ಬರುವಂತೆ ದಾಖಲಿಸಿದ್ದಾರೆ. ಕಂಡ ಅಡುಗೆ ತಮ್ಮೂರಿನದನ್ನು ನೆನಪಿಸಿದ್ದರಿಂದ ತಮ್ಮ ಹೆಸರನ್ನೇ ಅದಕ್ಕಿಟ್ಟರು. ಆ ಹೆಸರೇ ನಿಂತಿತು, ಹಳೆಯದು ಮರೆಯಾಯಿತು ಎಂಬುದು ನನಗೆ ಸ್ವಲ್ಪ ನೋವಿನ ಸಂಗತಿ. ಸೋಯಾ ಸಾಸ್ ಬಂದದ್ದು ಚೀನೀ ವ್ಯಾಪಾರಿಗಳಿಂದ. ಮೆಕ್ಸಿಕೋದಲ್ಲಿ ಅಡೋಬೊ ಎಂದರೆ ಒಣಮೆಣಸಿನಕಾಯಿ ಅರೆದು ಮಾಡುವ ಕೆಂಪು ಮಸಾಲೆ. ಹೆಸರು ಒಂದೇ ಆದರೂ ಅದು ಬೇರೆಯೇ ವಸ್ತು ಎಂಬುದನ್ನು ಪಾಕವಿಧಾನ ಹುಡುಕುವಾಗ ನೆನಪಿಡಿ.

ವಿನೆಗರಿನ ಬದಲು ನಮ್ಮ ಕಾಚಂಪುಳಿ ಹಾಕಿ ಮಾಡಿದರೆ ಹೇಗೆ?
— ಓದುಗರೊಬ್ಬರು, ಮಡಿಕೇರಿ

ಚೆನ್ನಾಗಿಯೇ ಇರುತ್ತದೆ, ಆದರೆ ಅದು ಅಡೋಬೊ ಆಗುವುದಿಲ್ಲ. ಕಾಚಂಪುಳಿಯನ್ನು ಹಣ್ಣಿನ ರಸ ಕುದಿಸಿ ಬತ್ತಿಸಿ ಮಾಡಿರುತ್ತಾರೆ, ಆದ್ದರಿಂದ ಅದರಲ್ಲಿ ಹಬೆಯೊಂದಿಗೆ ಹೋಗಬೇಕಾದದ್ದು ಮೊದಲೇ ಹೋಗಿಬಿಟ್ಟಿರುತ್ತದೆ. ಅದಕ್ಕೇ ಪಂದಿಕರಿಗೆ ನೀವು ಅದನ್ನು ಕೊನೆಯಲ್ಲಿ ಹಾಕುತ್ತೀರಿ. ವಿನೆಗರನ್ನು ಮೊದಲೇ ಹಾಕಿ, ಅದು ಕಾದು ಕುದಿದು ಮೆತ್ತಗಾಗುವುದನ್ನು ಕಾಯುವುದೇ ಅಡೋಬೊದ ಜೀವಾಳ. ಹುಣಸೆಹಣ್ಣು ಹಾಕಬಹುದೇ ಎಂದು ಇನ್ನಿಬ್ಬರು ಕೇಳಿದ್ದಾರೆ. ಫಿಲಿಪ್ಪೀನ್ಸಿನವರಿಗೂ ಹುಣಸೆ ಗೊತ್ತು, ಆದರೆ ಅದನ್ನು ಅವರು ‘ಸಿನಿಗಾಂಗ್’ ಎಂಬ ತಿಳಿಸಾರಿಗೆ ಬಳಸುತ್ತಾರೆ. ಆ ಸಾರಿನ ಬಗ್ಗೆ ಇನ್ನೊಮ್ಮೆ ಬರೆಯುವ ಆಸೆಯಿದೆ.

ಇದಕ್ಕೆ ಹಾಕಬೇಕಾದದ್ದು ಪಲಾವ್ ಎಲೆಯೇ?
— ಓದುಗರೊಬ್ಬರು, ಮೈಸೂರು

ಅಲ್ಲ. ಅಲ್ಲಿ ಹಾಕುವುದು ‘ಲೌರೆಲ್’ ಎಂಬ ಮರದ ಎಲೆ, ಅದರ ನಡುವೆ ಒಂದೇ ದಪ್ಪ ನರವಿರುತ್ತದೆ. ನಮ್ಮ ಪಲಾವ್ ಎಲೆ ದಾಲ್ಚಿನ್ನಿಯ ಜಾತಿಯ ಮರದ್ದು, ಉದ್ದಕ್ಕೆ ಮೂರು ನರಗಳಿರುತ್ತವೆ, ವಾಸನೆಯೂ ಚಕ್ಕೆಯದೇ. ದೊಡ್ಡ ಅಂಗಡಿಗಳಲ್ಲಿ ಲೌರೆಲ್ ಎಲೆ ‘ಬೇ ಲೀಫ್’ ಎಂದು ಸಿಗುತ್ತದೆ, ಆದರೆ ಪಲಾವ್ ಎಲೆಯನ್ನೂ ಅದೇ ಹೆಸರಿನಲ್ಲಿ ಮಾರುವುದರಿಂದ ನರ ಎಣಿಸಿ ಕೊಳ್ಳಿ. ಸಿಗದಿದ್ದರೆ ಪಲಾವ್ ಎಲೆಯನ್ನು ಮೂರರ ಬದಲು ಒಂದೇ ಹಾಕಿ.

ಮನೆಯವರಿಗೆ ಮಸಾಲೆಯಿಲ್ಲದ ಕೋಳಿ ಸೇರುವುದಿಲ್ಲ. ಅಡೋಬೊಗೆ ಸ್ವಲ್ಪ ಶುಂಠಿ, ಧನಿಯಾ ಪುಡಿ, ಗರಂ ಮಸಾಲೆ ಸೇರಿಸಿದರೆ ತಪ್ಪೇ?
— ಓದುಗರೊಬ್ಬರು, ಮಂಡ್ಯ

ನಿಮ್ಮ ಮನೆ, ನಿಮ್ಮ ಒಲೆ. ತಪ್ಪೆನ್ನಲು ನಾನು ಯಾರು? ಆದರೂ ಮೊದಲ ಸಲವಾದರೂ ಹಾಕಬೇಡಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಐದಾರೇ ಪದಾರ್ಥಗಳಿರುವ ಅಡುಗೆಯಲ್ಲಿ ಪ್ರತಿಯೊಂದರ ದನಿಯೂ ಬೇರೆಬೇರೆಯಾಗಿ ಕೇಳುತ್ತದೆ. ಧನಿಯಾ ಬಿದ್ದ ಕೂಡಲೇ ಬೆಳ್ಳುಳ್ಳಿ ಹಿಂದೆ ಸರಿಯುತ್ತದೆ, ಗರಂ ಮಸಾಲೆ ಬಿದ್ದರೆ ವಿನೆಗರ್ ಅಪಸ್ವರವಾಗಿ ಕೇಳುತ್ತದೆ, ಕೊನೆಗೆ ಅತ್ತ ಅಡೋಬೊವೂ ಅಲ್ಲದ ಇತ್ತ ನಮ್ಮ ಕೋಳಿಸಾರೂ ಅಲ್ಲದ ಏನೋ ಒಂದು ತಟ್ಟೆಗೆ ಬರುತ್ತದೆ. ಖಾರ ಬೇಕೇ ಬೇಕೆಂದಿದ್ದರೆ ಎರಡು ಹಸಿಮೆಣಸಿನಕಾಯಿಯನ್ನು ಸೀಳದೆ ಇಡಿಯಾಗಿ ಹಾಕಿ. ಅಲ್ಲಿನ ಕೆಲವು ಮನೆಗಳಲ್ಲಿಯೂ ಹಾಗೆ ಮಾಡುತ್ತಾರೆ. ಕಾಳುಮೆಣಸನ್ನು ಹೆಚ್ಚಿಸಿದರೆ ಇನ್ನೂ ಒಳ್ಳೆಯದು. ಆ ವಿಷಯದಲ್ಲಿ ನಾವು ಕಡಿಮೆ ಅದೃಷ್ಟವಂತರಲ್ಲ: ಮಲೆನಾಡಿನ ಹೊಸ ಕಾಳುಮೆಣಸು ಹಾಕಿ ಮಾಡಿದ ದಿನ ನನ್ನ ಅಡೋಬೊ ಮಸ್ಕತ್ತಿನಲ್ಲಿ ತಿಂದದ್ದಕ್ಕಿಂತ ಒಂದು ಕೈ ಮೇಲೆಯೇ ಇತ್ತು.

ನಾಟಿ ಕೋಳಿಯಲ್ಲಿ ಮಾಡಬಹುದೇ? ಕುಕ್ಕರಿನಲ್ಲಿ ಎಷ್ಟು ವಿಶಲ್ ಕೂಗಿಸಬೇಕು?
— ಓದುಗರೊಬ್ಬರು, ತುಮಕೂರು

ನಾಟಿ ಕೋಳಿಯ ಅಡೋಬೊಗೆ ಬಾಯ್ಲರ್ ಕೋಳಿಯದು ಸಾಟಿಯಲ್ಲ. ಮಾಂಸ ಗಟ್ಟಿಯಿರುವುದರಿಂದ ಹುಳಿಯಲ್ಲಿ ನಿಧಾನಕ್ಕೆ ಬೆಂದು, ಕರಗಿಹೋಗದೆ ರಸವನ್ನು ಒಳಗೆಳೆದುಕೊಳ್ಳುತ್ತದೆ. ಆದರೆ ಅರ್ಧ ಗಂಟೆಯಲ್ಲಿ ಬೇಯುವುದಿಲ್ಲ. ಕೋಳಿಯ ವಯಸ್ಸನ್ನು ನೋಡಿ ಒಂದೂವರೆ ಗಂಟೆಯವರೆಗೂ ಹಿಡಿಯಬಹುದು, ನಡುನಡುವೆ ಬಿಸಿನೀರು ಸೇರಿಸುತ್ತಿರಬೇಕು.

ಕುಕ್ಕರಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿದರೆ ಹೋಗಬೇಕಾದ ಹಸಿ ವಾಸನೆ ಒಳಗೇ ಉಳಿದುಬಿಡುತ್ತದೆ. ಸಮಯವಿಲ್ಲದಿದ್ದರೆ ನಾಟಿ ಕೋಳಿಯನ್ನು ಮೊದಲು ನೀರು, ಬೆಳ್ಳುಳ್ಳಿ, ಎಲೆ ಇಷ್ಟನ್ನೇ ಹಾಕಿ ಮೂರು ನಾಲ್ಕು ವಿಶಲ್ ಕೂಗಿಸಿ, ಮುಚ್ಚಳ ತೆಗೆದ ಮೇಲೆ ತುಂಡುಗಳನ್ನೂ ಒಂದು ಕಪ್ಪು ರಸವನ್ನೂ ಸ್ಟೀಲ್ ಪಾತ್ರೆಗೆ ಬದಲಿಸಿ, ವಿನೆಗರ್ ಮತ್ತು ಸೋಯಾ ಸಾಸ್ ಸೇರಿಸಿ, ತೆರೆದ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಕುದಿಸಿ. ಬಾಯ್ಲರ್ ಕೋಳಿಗೆ ಕುಕ್ಕರಿನ ಅಗತ್ಯವೇ ಇಲ್ಲ.

ನನ್ನ ಪತಿಗೆ ರಕ್ತದೊತ್ತಡವಿದೆ. ಸೋಯಾ ಸಾಸಿನಲ್ಲಿ ಉಪ್ಪು ಬಹಳವೆಂದು ಕೇಳಿದ್ದೇನೆ. ಅದಿಲ್ಲದೆ ಮಾಡಲು ಬರುತ್ತದೆಯೇ?
— ಓದುಗರೊಬ್ಬರು, ಬೆಂಗಳೂರು

ನೀವು ಕೇಳಿದ್ದು ನಿಜ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನವಿಡೀ ಎಲ್ಲ ಆಹಾರದಿಂದ ಸೇರಿ ವಯಸ್ಕರಿಗೆ 2,000 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಎರಡು ಚಮಚಕ್ಕೇ ದಿನದ ಪಾಲು ಬಹುತೇಕ ಮುಗಿಯುತ್ತದೆ. ಅವರ ಮಟ್ಟಿಗೆ ಎಷ್ಟು ಸರಿ ಎಂಬುದನ್ನು ಅವರನ್ನು ನೋಡುವ ವೈದ್ಯರೇ ಹೇಳಬೇಕು.

ಸೋಯಾ ಇಲ್ಲದ ಅಡೋಬೊ ಇದೆ, ಅದು ಬಡವರ ಪಾಲಿನ ಬದಲಿಯೂ ಅಲ್ಲ. ‘ಅಡೋಬೊಂಗ್ ಪುತಿ’, ಅಂದರೆ ಬಿಳಿ ಅಡೋಬೊ ಎಂದು ಅದರ ಹೆಸರು. ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು, ಎಲೆ, ಉಪ್ಪು ಇಷ್ಟರಲ್ಲೇ ಅದು ಮುಗಿಯುತ್ತದೆ, ಮತ್ತು ಸ್ಪೇನಿನವರ ಕಾಲಕ್ಕೂ ಹಿಂದಿನ ರೂಪಕ್ಕೆ ಹತ್ತಿರವಾದದ್ದು ಅದೇ ಎಂದು ತಿಳಿದವರು ಹೇಳುತ್ತಾರೆ. ಇದರಲ್ಲಿ ಉಪ್ಪಿನ ಅಳತೆ ನಿಮ್ಮ ಕೈಯಲ್ಲಿರುತ್ತದೆ, ಹುಳಿ ಇರುವುದರಿಂದ ಉಪ್ಪು ಕಡಿಮೆಯಾದರೂ ಸಪ್ಪೆ ಎನ್ನಿಸುವುದಿಲ್ಲ. ನನಗೆ ಕಲಿಸಿದವರ ಬಟಾಂಗಾಸಿನಲ್ಲಿ ಸೋಯಾದ ಬದಲು ಹಸಿ ಅರಿಸಿನ ಹಾಕಿ ಹಳದಿ ಅಡೋಬೊ ಮಾಡುತ್ತಾರೆ. ಅರಿಸಿನವನ್ನು ಅವರು ‘ಹಳದಿ ಶುಂಠಿ’ ಎಂಬರ್ಥದಲ್ಲಿ ‘ಲುಯಾಂಗ್ ದಿಲಾವ್’ ಎನ್ನುತ್ತಾರೆ. ಒಂದು ಕೆ.ಜಿ.ಗೆ ಹೆಬ್ಬೆರಳುದ್ದದ ಹಸಿ ಅರಿಸಿನದ ಕೊಂಬನ್ನು ಜಜ್ಜಿ ಹಾಕಿ. ನಮ್ಮ ಕಣ್ಣಿಗೂ ನಾಲಿಗೆಗೂ ಕಪ್ಪು ಅಡೋಬೊಗಿಂತ ಇದೇ ಬೇಗ ಹತ್ತಿರವಾಗುತ್ತದೆ.

ನನ್ನ ಕಚೇರಿಯಲ್ಲಿ ಫಿಲಿಪ್ಪೀನ್ಸಿನ ಮೂವರು ಸಹೋದ್ಯೋಗಿಗಳಿದ್ದಾರೆ. ಒಬ್ಬರು ತೆಂಗಿನಹಾಲು ಹಾಕುತ್ತಾರೆ, ಒಬ್ಬರು ಸಕ್ಕರೆ ಹಾಕುತ್ತಾರೆ, ಇನ್ನೊಬ್ಬರು ಎರಡೂ ತಪ್ಪು ಎನ್ನುತ್ತಾರೆ. ನಿಜವಾದ ಅಡೋಬೊ ಯಾವುದು?
— ಕನ್ನಡಿಗರೊಬ್ಬರು, ದುಬೈ

ಮೂವರದೂ ನಿಜವಾದದ್ದೇ. ಇದೇ ಪ್ರಶ್ನೆ 2021ರಲ್ಲಿ ಅವರ ದೇಶದಲ್ಲಿಯೇ ದೊಡ್ಡ ಚರ್ಚೆಯಾಗಿತ್ತು. ಆ ವರ್ಷದ ಜುಲೈನಲ್ಲಿ ಅಲ್ಲಿನ ವ್ಯಾಪಾರ ಮತ್ತು ಕೈಗಾರಿಕಾ ಇಲಾಖೆಯು ಅಡೋಬೊ ಮೊದಲಾದ ಅಡುಗೆಗಳಿಗೆ ಮಾನಕಗಳನ್ನು ರೂಪಿಸಲು ಸಮಿತಿಯೊಂದನ್ನು ಮಾಡುವುದಾಗಿ ತಿಳಿಸಿದಾಗ, ನಮ್ಮಜ್ಜಿಯ ಅಡುಗೆಗೆ ಸರ್ಕಾರದ ಮುದ್ರೆ ಏಕೆ ಎಂಬ ಧಾಟಿಯಲ್ಲಿ ಜನರು ತೀವ್ರವಾಗಿ ಆಕ್ಷೇಪಿಸಿದರು. ಮನೆಗಳಲ್ಲಿ ಮಾಡುವವರಿಗೆ ಇದು ಕಡ್ಡಾಯವಲ್ಲ, ಹೊರದೇಶಗಳಲ್ಲಿ ಪರಿಚಯಿಸಲು ಮೂಲ ವಿಧಾನವೊಂದನ್ನು ಗುರುತಿಸುವುದಷ್ಟೇ ಉದ್ದೇಶ ಎಂದು ಇಲಾಖೆ ಸ್ಪಷ್ಟನೆ ಕೊಡಬೇಕಾಯಿತು. ಬಿಸಿಬೇಳೆಬಾತಿಗೆ ಯಾರಾದರೂ ಹೀಗೆ ಅಳತೆ ಗೊತ್ತುಮಾಡಲು ಹೊರಟರೆ ಮೈಸೂರು ಬೆಂಗಳೂರುಗಳ ಮನೆಗಳು ಸುಮ್ಮನಿರುತ್ತವೆಯೇ? ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ತೆಂಗಿನಹಾಲಿನದು ‘ಅಡೋಬೊ ಸ ಗತಾ’. ಬಿಕೋಲ್ ಸೀಮೆಯ ಅಡುಗೆಯಲ್ಲಿ ತೆಂಗಿನಹಾಲಿಗೂ ಮೆಣಸಿನಕಾಯಿಗೂ ಮೊದಲ ಸ್ಥಾನ. ಇದನ್ನು ಮಾಡುವವರು ಒಂದು ಎಚ್ಚರ ವಹಿಸಬೇಕು: ವಿನೆಗರ್ ಕುದಿದು ಮೆತ್ತಗಾಗಿ, ಕೋಳಿ ಬೆಂದು, ರಸ ಬತ್ತಿದ ಮೇಲೆ ಮಾತ್ರ ಒಂದು ಕಪ್ಪು ಗಟ್ಟಿ ಹಾಲು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಬೇಕು, ಇಲ್ಲವಾದರೆ ಹಾಲು ಒಡೆಯುತ್ತದೆ. ಸಕ್ಕರೆಯ ಬಗ್ಗೆ ಅಲ್ಲಿಯೇ ಒಮ್ಮತವಿಲ್ಲ. ಒಂದು ಟೀ ಚಮಚ ಬೆಲ್ಲ ಹುಳಿಯನ್ನು ದುಂಡಗೆ ಮಾಡುತ್ತದೆ ಎಂಬುದು ನನ್ನ ಅನುಭವ, ಅದಕ್ಕಿಂತ ಹೆಚ್ಚಾದರೆ ಬೆಳ್ಳುಳ್ಳಿ ಮುಳುಗುತ್ತದೆ. ಆಲೂಗಡ್ಡೆಯನ್ನೋ ಬೇಯಿಸಿದ ಮೊಟ್ಟೆಯನ್ನೋ ಜೊತೆಗೆ ಹಾಕುವವರೂ ಬೇಕಾದಷ್ಟಿದ್ದಾರೆ. ಮೊಟ್ಟೆ ಆ ರಸದಲ್ಲಿ ಒಂದು ರಾತ್ರಿ ಕಳೆದರೆ ಬಲು ರುಚಿ.

ಮನೆಯಲ್ಲಿ ಅತ್ತೆಯವರು ಸಸ್ಯಾಹಾರಿ. ಅವರಿಗೂ ಇದರ ರುಚಿ ತೋರಿಸುವ ದಾರಿ ಇದೆಯೇ?
— ಓದುಗರೊಬ್ಬರು, ಶಿರಸಿ

ಇದೆ. ಅಲ್ಲಿ ‘ಸಿತಾವ್’ ಎನ್ನುವ ಉದ್ದನೆಯ ಅಲಸಂದೆ ಕಾಯಿಯ ಅಡೋಬೊ ಸಾಮಾನ್ಯವಾಗಿ ಮಾಡುವ ಅಡುಗೆ. ಎರಡು ಅಂಗುಲದ ತುಂಡು ಮಾಡಿ, ಬೆಳ್ಳುಳ್ಳಿ ಹುರಿದ ಎಣ್ಣೆಯಲ್ಲಿ ಬಾಡಿಸಿ, ಕಾಲು ಕೆ.ಜಿ.ಗೆ ಎರಡೆರಡು ಚಮಚ ವಿನೆಗರ್ ಮತ್ತು ಸೋಯಾ ಸಾಸ್, ಅರ್ಧ ಕಪ್ಪು ನೀರು ಹಾಕಿ ಎಂಟು ಹತ್ತು ನಿಮಿಷ ಬೇಯಿಸಿದರೆ ಸಾಕು. ಅಲ್ಲಿ ಇದಕ್ಕೆ ಸ್ವಲ್ಪ ಮಾಂಸ ಸೇರಿಸುವುದೂ ಉಂಟಾದ್ದರಿಂದ ಹೋಟೆಲಿನಲ್ಲಿ ತಿನ್ನುವಾಗ ಕೇಳಿಯೇ ತಿನ್ನಲಿ. ಅವರು ಬೆಳ್ಳುಳ್ಳಿ ತಿನ್ನದವರಾದರೆ ಮಾತ್ರ ನನ್ನಲ್ಲಿ ಬೇರೆ ಉಪಾಯವಿಲ್ಲ.

ಎಷ್ಟು ದಿನ ಇಡಬಹುದು? ವಿನೆಗರ್ ಇರುವುದರಿಂದ ಫ್ರಿಜ್ ಬೇಡ ಎನ್ನುತ್ತಾರಲ್ಲ?
— ಓದುಗರೊಬ್ಬರು, ಬೆಳಗಾವಿ

ಫ್ರಿಜ್ಜಿಲ್ಲದ ಕಾಲದಲ್ಲಿ ರಸ ಪೂರ್ತಿ ಬತ್ತಿಸಿ, ಕೊಬ್ಬಿನಲ್ಲಿ ಮುಳುಗಿಸಿ, ಮಣ್ಣಿನ ಮಡಕೆಯಲ್ಲಿಟ್ಟು, ದಿನವೂ ಕಾಯಿಸಿ ಉಳಿಸಿಕೊಳ್ಳುತ್ತಿದ್ದರು. ಆ ಅಡೋಬೊದಲ್ಲಿ ಉಪ್ಪು ಹುಳಿಗಳೂ ಇಂದು ನಾವು ಹಾಕುವುದಕ್ಕಿಂತ ಹೆಚ್ಚಾಗಿರುತ್ತಿದ್ದವು. ನಾನು ಮೇಲೆ ಕೊಟ್ಟ ಅಳತೆಯಲ್ಲಿ ನೀರು ಇದೆ, ಹುಳಿ ಮಿತವಾಗಿದೆ; ಅದನ್ನು ನಂಬಿ ಹೊರಗಿಡಬೇಡಿ. ತಣಿದ ಮೇಲೆ, ಎರಡು ಗಂಟೆಯೊಳಗೆ, ಗಾಜಿನ ಅಥವಾ ಸ್ಟೀಲಿನ ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಬೇಕಾದಷ್ಟನ್ನೇ ತೆಗೆದು, ಕುದಿ ಬರುವವರೆಗೆ ಬಿಸಿಮಾಡಿ.

ಎರಡನೆಯ ದಿನದ್ದೇ ಹೆಚ್ಚು ರುಚಿ ಎಂಬುದರಲ್ಲಿ ಅಲ್ಲಿ ಎಲ್ಲರೂ ಒಂದೇ ಮಾತಾಡುತ್ತಾರೆ. ನಮ್ಮ ಎದುರು ಮನೆಯವರು ರಾತ್ರಿಪಾಳಿ ಮುಗಿಸಿ ಬಂದ ಬೆಳಿಗ್ಗೆ ಹಿಂದಿನ ದಿನದ ತುಂಡುಗಳನ್ನು ಮೂಳೆಯಿಂದ ಬಿಡಿಸಿ, ಎಳೆಎಳೆಯಾಗಿ ಸಿಗಿದು, ಡಬ್ಬಿಯ ಮೇಲೆ ಹೆಪ್ಪುಗಟ್ಟಿದ ಕೊಬ್ಬಿನಲ್ಲೇ ಗರಿಗರಿಯಾಗಿ ಹುರಿದುಕೊಳ್ಳುತ್ತಿದ್ದರು. ಆಮೇಲೆ ಅದೇ ಬಾಣಲೆಗೆ ಒಂದು ಹಿಡಿ ಹೆಚ್ಚಿದ ಬೆಳ್ಳುಳ್ಳಿ, ಅದು ಕೆಂಪಗಾದಾಗ ಫ್ರಿಜ್ಜಿನಲ್ಲಿಟ್ಟ ತಂಗಳನ್ನ, ಮೇಲೆ ಚಿಟಿಕೆ ಉಪ್ಪು. ಈ ಅನ್ನಕ್ಕೆ ‘ಸಿನಾಂಗಾಗ್’ ಎನ್ನುತ್ತಾರೆ. ನಮ್ಮ ಸೋನಾ ಮಸೂರಿಯ ತಂಗಳನ್ನದಲ್ಲಿ ಇದು ಚೆನ್ನಾಗಿ ಬರುತ್ತದೆ, ಬಿಸಿ ಅನ್ನದಲ್ಲಿ ಮುದ್ದೆಯಾಗುತ್ತದೆ. ಅಡೋಬೊದ ಉಳಿದ ರಸವನ್ನು ಎರಡು ಚಮಚ ಅದರ ಮೇಲೆ ಹಾಕಿ, ಪಕ್ಕದಲ್ಲಿ ಒಂದು ಮೊಟ್ಟೆ ಕರಿದಿಟ್ಟುಕೊಳ್ಳಿ.